ಕಾವೇರಿಯ ಕೊರಳಿನ ದ್ವೀಪಮಾಲೆ

ದ್ವೀಪವೆಂದೊಡನೆ ಕಡಲು ಕಣ್ಣಮುಂದೆ ಬರುವುದು ಸಹಜ. ಕೊಡಗಿಗೆ ಕಡಲಿಲ್ಲ; ನಾಲ್ದೆಸೆಗೂ ಬೆಟ್ಟ, ಕಾಡು, ಕಾಫಿಯ ತೋಟ, ಗದ್ದೆಯ ಬಯಲು. ಆದರೂ ದ್ವೀಪಗಳನ್ನು ಕಾಣುವ ಆಸೆಯಿಂದ ಹೊರಟ ಪಯಣಿಗನಿಗೆ ಈ ನಾಡು ನಿರಾಶೆಯುಂಟುಮಾಡುವುದಿಲ್ಲ. ಇಲ್ಲಿ ಹುಟ್ಟುವ ಕಾವೇರಿ ತನ್ನ ದಾರಿಯುದ್ದಕ್ಕೂ ಒಂದೆಡೆ ಕವಲೊಡೆದು ಮತ್ತೊಂದೆಡೆ ಕೂಡಿಕೊಳ್ಳುತ್ತ, ನಡುವೆ ಹಸುರಾದ ನೆಲಗಳನ್ನು ಬಿಟ್ಟುಕೊಂಡು ಸಾಗುತ್ತಾಳೆ. ಕನ್ನಡ ನಾಡಿನ ಜನ ಅವುಗಳನ್ನು ನಡುಗಡ್ಡೆಯೆಂದೂ ತಿಟ್ಟು ಎಂದೂ ಕರೆಯುತ್ತಾರೆ. ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ತಮಿಳುನಾಡಿನ ಶ್ರೀರಂಗದ ಅಂತ್ಯರಂಗ, ಈ ಮೂರೂ ಕಾವೇರಿಯ ದ್ವೀಪಗಳೇ ಎಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಈ ಮಾಲೆಯ ಮೊದಲ ಮಣಿಗಳು ಕೊಡಗಿನಲ್ಲಿಯೇ ಪೋಣಿಸಲ್ಪಟ್ಟಿವೆ ಎಂಬುದನ್ನು ನೆನೆಯುವವರು ಕಡಿಮೆ.

ಈ ಪ್ರವಾಸವನ್ನು ಹೊಳೆಯ ಜೊತೆಯಲ್ಲಿಯೇ, ಹೊಳೆ ಹರಿಯುವ ದಿಕ್ಕಿನಲ್ಲಿಯೇ ಕೈಗೊಳ್ಳುವುದು ಉತ್ತಮ. ಬಹುಮಂದಿ ಪ್ರವಾಸಿಗರು ಮೈಸೂರಿನ ಕಡೆಯಿಂದ ಬಂದು, ಕುಶಾಲನಗರದ ಬಳಿ ದ್ವೀಪವೊಂದನ್ನು ನೋಡಿ, ಮಡಿಕೇರಿಗೆ ಹೋಗಿಬಿಡುತ್ತಾರೆ. ದ್ವೀಪ ಕಂಡಿತು, ಆದರೆ ಅದು ಹೇಗೆ ಉಂಟಾಯಿತು, ಯಾವುದರ ಬಲದಿಂದ ನಿಂತಿದೆ ಎಂಬುದು ತಿಳಿಯದೆ ಹೋಯಿತು. ಅದನ್ನು ತಿಳಿಯಬೇಕಾದರೆ ಬೆಟ್ಟದಿಂದ ತೊಡಗಬೇಕು.

ಬೆಟ್ಟದ ಮಡಿಲು

ಮಡಿಕೇರಿಯಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿ ಭಾಗಮಂಡಲ. ಅಲ್ಲಿಂದ ಎಂಟು ಕಿಲೋಮೀಟರು ಏರಿದರೆ ತಲಕಾವೇರಿ. ಸಮುದ್ರಮಟ್ಟದಿಂದ 1,276 ಮೀಟರು ಎತ್ತರದಲ್ಲಿ, ಬ್ರಹ್ಮಗಿರಿಯ ಮಗ್ಗುಲಲ್ಲಿ ಒಂದು ಕಿರಿದಾದ ಕುಂಡಿಕೆ, ಅದರ ಮುಂದೆ ಸ್ನಾನದ ಕೊಳ. ಕವೇರ ಮುನಿಯ ಮಗಳು ಅಗಸ್ತ್ಯರ ಕಮಂಡಲುವಿನಿಂದ ತಪ್ಪಿಸಿಕೊಂಡು ಲೋಕಹಿತಕ್ಕಾಗಿ ನದಿಯಾಗಿ ಹರಿದಳೆಂಬ ಕಥೆ ಈ ಸ್ಥಳದ್ದು. ಪ್ರತಿವರ್ಷ ಅಕ್ಟೋಬರ್ ನಡುವಿನಲ್ಲಿ ಬರುವ ತುಲಾ ಸಂಕ್ರಮಣದಂದು ಕುಂಡಿಕೆಯಲ್ಲಿ ತೀರ್ಥ ಉಕ್ಕುವ ಗಳಿಗೆಯನ್ನು ಕಾಣಲು ಸಾವಿರಾರು ಜನ ನೆರೆಯುತ್ತಾರೆ. ಮುಹೂರ್ತ ನಟ್ಟಿರುಳಿನಲ್ಲಿದ್ದರೂ ಚಳಿಯನ್ನು ಲೆಕ್ಕಿಸದೆ ನಿಂತಿರುತ್ತಾರೆ. ಆ ತೀರ್ಥವನ್ನು ಮನೆಗೆ ಒಯ್ದು ಕಾಪಿಡುವುದು, ಕೊನೆಯುಸಿರೆಳೆಯುವ ಹಿರಿಯರ ಬಾಯಿಗೆ ಒಂದು ತೊಟ್ಟು ಹಾಕುವುದು ಇಲ್ಲಿನ ಪದ್ಧತಿ. ಕೊಡವರ ಮನೆಗಳಲ್ಲಿ ಅಂದು ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆಯನ್ನು ಸುತ್ತಿ, ಒಡವೆ ತೊಡಿಸಿ, ಹೂ ಮುಡಿಸಿ, ಅದನ್ನೇ ಕಾವೇರಮ್ಮನೆಂದು ಭಾವಿಸಿ ಕಣಿಪೂಜೆ ನಡೆಸುತ್ತಾರೆ. ನದಿಯನ್ನು ಮನೆಯ ಹೆಣ್ಣುಮಗಳಂತೆ ಕಾಣುವ ಈ ಅಕ್ಕರೆ ಕೊಡಗಿನ ಸಂಸ್ಕೃತಿಯ ಜೀವಾಳ.

ಕುಂಡಿಕೆಯ ಬಳಿಯಿಂದ ಮೆಟ್ಟಿಲುಗಳನ್ನು ಏರಿ ಬ್ರಹ್ಮಗಿರಿಯ ನೆತ್ತಿಯನ್ನು ಮುಟ್ಟಿದರೆ ಸುತ್ತಲೂ ಹುಲ್ಲಿನ ಬೋರೆಗಳು. ಬೋರೆ ಬೋರೆಗಳ ನಡುವಿನ ಮಡಿಕೆಗಳಲ್ಲಿ ದಟ್ಟವಾದ ಶೋಲಾ ಕಾಡು. 1987ರಲ್ಲಿ ಈ ಸೀಮೆಯ ನೂರು ಚದರ ಕಿಲೋಮೀಟರಿಗೂ ಮಿಗಿಲಾದ ಕಾಡು ತಲಕಾವೇರಿ ವನ್ಯಜೀವಿಧಾಮವೆನಿಸಿತು. ದ್ವೀಪಗಳನ್ನು ಕಾಣಹೊರಟವನು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಭಾಗಮಂಡಲದ ಆಸುಪಾಸಿನಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಕೆಳಗಿನ ಕುಶಾಲನಗರಕ್ಕೆ ಅದರ ಕಾಲುಭಾಗವೂ ಬೀಳದು. ಮೂರು ನಾಲ್ಕು ತಿಂಗಳಲ್ಲಿ ಸುರಿದ ಆ ನೀರನ್ನು ಹುಲ್ಲಿನ ಬೇರೂ ಕಾಡಿನ ತರಗೂ ಹೀರಿಕೊಂಡು, ವರ್ಷವಿಡೀ ತೊಟ್ಟುತೊಟ್ಟಾಗಿ ಹೊಳೆಗೆ ಬಿಡುತ್ತವೆ. ಮಳೆಗಾಲದ ಹೊಳೆಯ ಕೋಪ ಇಳಿಯುವುದೂ, ಬೇಸಗೆಯ ಹೊಳೆ ಬತ್ತದಿರುವುದೂ ಈ ಕಾಡಿನಿಂದಲೇ. ಕೆಳಗಿನ ದ್ವೀಪಗಳ ಆಯುಷ್ಯ ಬರೆದಿರುವುದು ಇಲ್ಲಿ.

ಭಾಗಮಂಡಲದಲ್ಲಿ ಕನ್ನಿಕೆ ಬಂದು ಕಾವೇರಿಯನ್ನು ಸೇರುತ್ತಾಳೆ. ಕಣ್ಣಿಗೆ ಕಾಣದ ಸುಜ್ಯೋತಿಯನ್ನೂ ಸೇರಿಸಿ ಇದನ್ನು ತ್ರಿವೇಣಿ ಸಂಗಮವೆನ್ನುತ್ತಾರೆ. ಯಾತ್ರಿಕರು ಇಲ್ಲಿ ಮಿಂದು, ಭಗಂಡೇಶ್ವರನ ದರ್ಶನ ಮಾಡಿ ಮೇಲಕ್ಕೆ ಹೋಗುವುದು ರೂಢಿ. ಮಲೆಯಾಳದ ಮಾದರಿಯ ಇಳಿಜಾರು ಮಾಡಿನ ಈ ದೇವಾಲಯ ತನ್ನ ಮರದ ಕೆತ್ತನೆಗಾಗಿಯೇ ನೋಡತಕ್ಕದ್ದು. ಮುಂಗಾರು ಬಲವಾದಾಗ ಸಂಗಮದ ನೀರು ರಸ್ತೆಗೂ ಏರಿ, ಊರಿನ ಒಂದು ಭಾಗವೇ ತಾತ್ಕಾಲಿಕ ದ್ವೀಪವಾಗುವುದುಂಟು.

ಬಲಕ್ಕೆ ಮುರಿದ ಹೊಳೆ

ಭಾಗಮಂಡಲದಿಂದ ಇಳಿದ ನದಿ ನಾಪೋಕ್ಲಿನ ಗದ್ದೆಬಯಲುಗಳನ್ನು ಬಳಸಿ ಮೂರ್ನಾಡಿನ ಬಳಿಯ ಬಲಮುರಿಗೆ ಬರುತ್ತದೆ. ಇಲ್ಲಿ ಹೊಳೆ ಬಲಕ್ಕೆ ತಿರುಗಿದ್ದರಿಂದ ಊರಿಗೆ ಈ ಹೆಸರು. ಹೊರಟುಹೋಗುತ್ತಿದ್ದ ಕಾವೇರಿಯನ್ನು ತಡೆಯಲು ಕೊಡವರು ಈ ಎಡೆಯಲ್ಲಿ ಅಡ್ಡನಿಂತರೆಂದೂ, ನುಗ್ಗಿಬಂದ ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತೆಂದೂ ಐತಿಹ್ಯವಿದೆ. ಇಂದಿಗೂ ಕೊಡವತಿಯರು ನೆರಿಗೆಯನ್ನು ಬೆನ್ನಿನ ಕಡೆಗೆ ಇಟ್ಟು ಸೀರೆ ಉಡುತ್ತಾರೆ. ಒಂದು ನದಿಯ ತಿರುವು ಒಂದು ಜನಾಂಗದ ಉಡುಗೆಯಲ್ಲಿ ಹೀಗೆ ಅಚ್ಚೊತ್ತಿ ನಿಂತ ನಿದರ್ಶನ ಬೇರೆಡೆ ವಿರಳ. ಹೊಳೆದಡದ ಗುಡಿ, ನೆರಳಿನ ಮರಗಳು, ಮಳೆ ತಗ್ಗಿದ ಬಳಿಕ ತಿಳಿಯಾಗಿ ಹರಿಯುವ ನೀರು, ಎಲ್ಲವೂ ಸೇರಿ ಬಲಮುರಿ ಒಂದು ಮಧ್ಯಾಹ್ನವನ್ನು ಕಳೆಯಲು ತಕ್ಕ ತಾಣ.

ಬೆಟ್ಟದಿಂದ ಧುಮುಕಿ ಬಂದ ಹೊಳೆ ಇಲ್ಲಿಂದ ಮುಂದೆ ನಡಿಗೆಯನ್ನು ನಿಧಾನಗೊಳಿಸುತ್ತದೆ. ದ್ವೀಪಗಳ ಹುಟ್ಟಿನ ಗುಟ್ಟು ಇರುವುದು ಈ ನಿಧಾನದಲ್ಲಿ. ಪಾತ್ರದಲ್ಲಿ ಗಟ್ಟಿಯಾದ ಬಂಡೆಯೊಂದು ಅಡ್ಡವಾದರೆ ನೀರು ಎರಡಾಗಿ ಸೀಳುತ್ತದೆ. ಬಂಡೆಯ ಹಿಂಬದಿಯಲ್ಲಿ ಸೆಳೆತ ಕಡಿಮೆಯಾದ್ದರಿಂದ ಹೊತ್ತುತಂದ ಮರಳು, ಮೆಕ್ಕಲುಮಣ್ಣು ಅಲ್ಲಿ ತಂಗುತ್ತವೆ. ಮೊದಲು ಹುಲ್ಲು, ಜೊಂಡು. ಬಳಿಕ ಹೊಂಗೆ, ನೇರಳೆ, ಹೊಳೆಮತ್ತಿ. ಕೊನೆಗೆ ಬಿದಿರ ಮೆಳೆ. ಬೇರುಗಳು ಮಣ್ಣನ್ನು ಬಿಗಿಹಿಡಿದಂತೆಲ್ಲ ತಿಟ್ಟು ದೊಡ್ಡದಾಗುತ್ತದೆ. ಒಂದು ಪ್ರಳಯದಂತಹ ನೆರೆ ಬಂದರೆ ವರ್ಷಾನುವರ್ಷ ಕೂಡಿಟ್ಟುದನ್ನೆಲ್ಲ ಹೊಳೆಯೇ ಕೊಚ್ಚಿಕೊಂಡು ಹೋಗುವುದೂ ಉಂಟು. ನದಿಯ ದ್ವೀಪವೆಂದರೆ ನದಿ ಕೊಟ್ಟ ಸಾಲ.

ಸಿದ್ಧಾಪುರದ ಸೀಮೆಯಲ್ಲಿ ಗುಹ್ಯದ ಅಗಸ್ತ್ಯೇಶ್ವರನ ಗುಡಿ ಹೊಳೆಯ ದಡದಲ್ಲಿಯೇ ಇದೆ. ಅದನ್ನು ದಾಟಿ ಬಂದರೆ ವಾಲ್ನೂರು. ಇಲ್ಲಿನ ಆಳವಾದ ಮಡುಗಳು ಮಹಶೀರ್ ಮೀನಿಗೆ ಹೆಸರಾದವು. ಗಾಳದ ಮೋಜಿಗಾಗಿ ದೂರದೂರದಿಂದ ಬರುತ್ತಿದ್ದವರೂ ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವ ಕಟ್ಟಳೆಯನ್ನು ಒಪ್ಪಿಕೊಂಡರು. ಮಹಶೀರ್ ಕುಲದಲ್ಲಿ ಕಿತ್ತಳೆ ಬಣ್ಣದ ರೆಕ್ಕೆಯ, ಗೂನುಬೆನ್ನಿನ ಜಾತಿಯೊಂದು ಕಾವೇರಿಯ ಕಣಿವೆಯನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. 2018ರಲ್ಲಿ ಅದು ಅಳಿವಿನ ಅಂಚಿಗೆ ತೀರ ಸಮೀಪವಾದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಕಡಲಿನ ದೂರದ್ವೀಪಗಳಲ್ಲಿ ಆಯಾ ದ್ವೀಪಕ್ಕೇ ಮೀಸಲಾದ ಹಕ್ಕಿ, ಹೂಗಳಿರುವಂತೆ, ಈ ಕಣಿವೆಯೂ ತನ್ನದೇ ಆದ ಒಂದು ಜೀವವನ್ನು ಸಾಕಿಕೊಂಡಿದೆ.

ಆನೆಗಳ ದುಬಾರೆ

ವಾಲ್ನೂರಿನಿಂದ ಕೆಳಕ್ಕೆ ದುಬಾರೆ. ಇದು ಪೂರ್ತಿಯಾಗಿ ದ್ವೀಪವಲ್ಲ; ಒಂದು ಕಡೆ ಹೊಳೆ, ಉಳಿದ ಕಡೆ ಮೀಸಲು ಅರಣ್ಯ. ಆದರೆ ಈಚೆಯ ದಡದಿಂದ ಅದನ್ನು ಸೇರಬೇಕಾದರೆ ಹೊಳೆಯನ್ನು ದಾಟಲೇಬೇಕು. ನೀರಿರುವಾಗ ದೋಣಿ, ಕಡುಬೇಸಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಡುತ್ತ ನಡೆದೇ ದಾಟುವವರುಂಟು. ಪಾತ್ರದ ತುಂಬ ಚಿಕ್ಕ ಚಿಕ್ಕ ನಡುಗಡ್ಡೆಗಳು, ಅವುಗಳ ಮೇಲೆ ನೀರಿಗೆ ಬಾಗಿದ ಮರಗಳು.

ದುಬಾರೆಯ ಆನೆಶಿಬಿರಕ್ಕೆ ಹಳೆಯ ಚರಿತ್ರೆಯಿದೆ. ಖೆಡ್ಡಾಗಳಲ್ಲಿ ಹಿಡಿದ ಕಾಡಾನೆಗಳನ್ನು ಪಳಗಿಸಿ ಮರದ ದಿಮ್ಮಿ ಎಳೆಸುವ ಕಾಲ ಒಂದಿತ್ತು. 1970ರ ದಶಕದ ಆರಂಭದಲ್ಲಿ ಖೆಡ್ಡಾ ನಿಂತಿತು. ದಿಮ್ಮಿಯ ಕೆಲಸವನ್ನು ಲಾರಿಗಳು ವಹಿಸಿಕೊಂಡವು. ಉಳಿದ ಆನೆಗಳು ಈಗ ಮೈಸೂರಿನ ದಸರಾ ಮೆರವಣಿಗೆಗೆ ಹೋಗುತ್ತವೆ. ತೋಟಗಳಿಗೆ ನುಗ್ಗುವ ಕಾಡಾನೆಗಳನ್ನು ಹಿಡಿಯುವ, ಅಟ್ಟುವ ಕಾರ್ಯಕ್ಕೆ ನೆರವಾಗುತ್ತವೆ. ಇಲ್ಲಿಂದ ದಸರೆಗೆ ಹೋಗಿಬಂದ ಹೆಣ್ಣಾನೆಗಳಲ್ಲಿ ಒಂದರ ಹೆಸರು ಕಾವೇರಿಯೆಂದೇ. ಬೆಳಗಿನ ಹೊತ್ತು ಮಾವುತರೂ ಕಾವಾಡಿಗಳೂ ಆನೆಗಳನ್ನು ಹೊಳೆಗಿಳಿಸಿ, ಮಲಗಿಸಿ, ಮೈಯುಜ್ಜಿ ಮೀಯಿಸುವ ದೃಶ್ಯ ಮಕ್ಕಳನ್ನೂ ಮುದುಕರನ್ನೂ ಒಂದೇ ಸಮನೆ ರಂಜಿಸುತ್ತದೆ. ಮಿಂದಾದ ಮೇಲೆ ಅವಕ್ಕೆ ರಾಗಿಯ ಮುದ್ದೆ, ಬೆಲ್ಲ.

ಈ ಮಾವುತರಲ್ಲಿ ಬಹುಮಂದಿ ಜೇನುಕುರುಬರು. ಕಾಡಿನ ಜೇನನ್ನು ನಂಬಿ ಬಾಳಿದ ಈ ಜನರಿಗೆ ಆನೆಯ ಮನಸ್ಸು ತಿಳಿಯುವ ವಿದ್ಯೆ ತಂದೆಯಿಂದ ಮಗನಿಗೆ ಬರುತ್ತದೆ. ಪ್ರವಾಸಿಗರ ಕ್ಯಾಮರಾಗಳೆಲ್ಲ ಆನೆಯ ಕಡೆಗೇ ತಿರುಗಿರುತ್ತವೆ. ಆನೆಯ ಕಿವಿಯ ಹಿಂದೆ ಕುಳಿತು ಕಾಲ್ಬೆರಳಿನ ಒಂದು ಒತ್ತಿನಿಂದ ಆ ಪರ್ವತವನ್ನು ನಡೆಸುವವನ ಬಾಳುವೆಯನ್ನು ವಿಚಾರಿಸುವವರು ವಿರಳ. ಅವನೊಡನೆ ನಾಲ್ಕು ಮಾತಾಡಿದರೆ ಈ ಕಾಡಿನ ಬಗೆಗೆ ತಿಳಿಯುವಷ್ಟು ಯಾವ ಫಲಕದಲ್ಲಿಯೂ ಬರೆದಿಲ್ಲ.

ಬಿದಿರ ದ್ವೀಪ

ದುಬಾರೆಯಿಂದ ಮುಂದೆ ಹೊಳೆ ಗುಡ್ಡೆಹೊಸೂರಿನ ಕಡೆಗೆ ಬಂದು, ಕುಶಾಲನಗರಕ್ಕೆ ಎರಡು ಮೂರು ಕಿಲೋಮೀಟರು ಮೊದಲೇ ಕವಲೊಡೆದು, ಸುಮಾರು 64 ಎಕರೆಯ ದ್ವೀಪವೊಂದನ್ನು ತೋಳುಗಳಲ್ಲಿ ಬಳಸಿಕೊಂಡಿದೆ. ಇದೇ ಅರಣ್ಯ ಇಲಾಖೆಯ ಕಾವೇರಿ ನಿಸರ್ಗಧಾಮ. ಮಡಿಕೇರಿಯಿಂದ ಮೈಸೂರಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿಯೇ ದ್ವಾರ. ತೂಗುಸೇತುವೆಯ ಮೇಲೆ ಕಾಲಿಟ್ಟೊಡನೆ ಹೆದ್ದಾರಿಯ ಗದ್ದಲ ಹಿಂದುಳಿದು, ಕೆಳಗೆ ಹರಿಯುವ ನೀರಿನ ಸದ್ದು ಕಿವಿದುಂಬುತ್ತದೆ. ಸೇತುವೆ ಮೆಲ್ಲನೆ ತೂಗುತ್ತದೆ. ಎಳೆಯರು ನಗುತ್ತಾರೆ, ಹಿರಿಯರು ಹಗ್ಗವನ್ನು ಹಿಡಿದುಕೊಳ್ಳುತ್ತಾರೆ.

ಒಳಗೆ ಮುಗಿಲಿಗೆ ಮುತ್ತಿಡುವ ಬಿದಿರ ಮೆಳೆಗಳು. ಗಾಳಿ ಬೀಸಿದಾಗ ಗಳಕ್ಕೆ ಗಳ ಉಜ್ಜಿ ಹೊರಡುವ ಕಿರುಗುಟ್ಟುವಿಕೆ ಈ ದ್ವೀಪದ ಸ್ವಂತ ಸಂಗೀತ. ನಡುನಡುವೆ ತೇಗ, ಗಂಧ. ಜಿಂಕೆಗಳ ಆವರಣ, ಮರದ ಮೇಲಿನ ಮನೆಗಳು, ಮಕ್ಕಳ ಆಟದ ಬಯಲು, ಬಿದಿರಿನಿಂದ ಕಟ್ಟಿದ ಕುಟೀರಗಳು ಎಲ್ಲವೂ ಇವೆ. ಜನಸಂದಣಿಯ ಈ ಭಾಗವನ್ನು ದಾಟಿ ಹೊಳೆಯಂಚಿಗೆ ನಡೆದವನಿಗೆ ಬೇರೆಯ ದ್ವೀಪವೇ ಕಾಣುತ್ತದೆ. ನೀರಿನ ಮೇಲೆ ಮಿಂಚುಳ್ಳಿಯ ನೀಲಿ ಗೆರೆ ಸುಳಿದು ಮಾಯವಾಗುತ್ತದೆ. ಬಂಡೆಯ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತದೆ. ಬಿದಿರಿನ ಬೇರುಗಳು ದಡದ ಮಣ್ಣನ್ನು ಹೇಗೆ ಹೆಣೆದು ಹಿಡಿದಿವೆಯೆಂಬುದು ಇಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಬಿದಿರು ಹಲವು ದಶಕಗಳಿಗೊಮ್ಮೆ ಹೂ ಬಿಟ್ಟು ಸಾಯುವ ಸಸ್ಯ. ಹಳೆಯ ಮೆಳೆ ಸತ್ತು ಹೊಸ ಸಸಿ ಬಲಿಯುವವರೆಗಿನ ಕಾಲ ಇಂತಹ ದ್ವೀಪಕ್ಕೆ ಕಷ್ಟದ ಕಾಲ.

ಕುಶಾಲನಗರದ ಸೇತುವೆ ದಾಟಿದರೆ ಮೈಸೂರು ಜಿಲ್ಲೆ. ಕೆಲವೇ ಕಿಲೋಮೀಟರುಗಳಲ್ಲಿ ಬೈಲಕುಪ್ಪೆ. ತಾಯ್ನಾಡನ್ನು ತೊರೆದು ಬಂದ ಟಿಬೆಟಿಯನ್ನರು 1961ರಿಂದ ಇಲ್ಲಿ ನೆಲೆಸಿದರು. 1963ರಲ್ಲಿ ಸ್ಥಾಪಿತವಾದ ನಾಮ್‌ಡ್ರೋಲಿಂಗ್ ವಿಹಾರದ ಬಂಗಾರದ ಬಣ್ಣದ ಬುದ್ಧಮೂರ್ತಿಗಳು, ಗಾಳಿಗೆ ಅಲುಗಾಡುವ ಪ್ರಾರ್ಥನೆಯ ಪತಾಕೆಗಳು, ಜೋಳದ ಹೊಲಗಳು, ಇವೆಲ್ಲ ಕನ್ನಡ ನೆಲದ ನಡುವೆ ಹಿಮಾಲಯದ ಒಂದು ದ್ವೀಪದಂತಿವೆ. ನೆಲದಿಂದ ಬೇರ್ಪಟ್ಟ ಜನ ಮತ್ತೊಂದು ನೆಲದಲ್ಲಿ ಬೇರೂರಿದ ಈ ಬಗೆಯನ್ನು ಕಂಡು ಹೋಗುವುದು ಒಳ್ಳೆಯದು.

ಕೆಳಗಿನ ಮಣಿಗಳು

ಕೂಡಿಗೆಯಲ್ಲಿ ಹಾರಂಗಿಯನ್ನು ಕೂಡಿಕೊಂಡು ಕಾವೇರಿ ಕೊಡಗನ್ನು ಬೀಳ್ಕೊಡುತ್ತದೆ. ಮುಂದೆ ಕೃಷ್ಣರಾಜಸಾಗರವನ್ನು ದಾಟಿದರೆ ರಂಗನತಿಟ್ಟು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಟ್ಟಿದ ಅಣೆಯಿಂದ ಇಲ್ಲಿ ತಿಟ್ಟುಗಳು ಉಂಟಾದವು. ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು; 2022ರಲ್ಲಿ ರಾಮ್ಸಾರ್ ಒಪ್ಪಂದದ ಜೌಗುಭೂಮಿಗಳ ಪಟ್ಟಿಗೆ ಸೇರಿತು. ಅದರ ಬಳಿಕ 1799ರವರೆಗೆ ಟಿಪ್ಪು ಸುಲ್ತಾನನ ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣ. ಇನ್ನೂ ಕೆಳಗೆ, ಗಗನಚುಕ್ಕಿ ಭರಚುಕ್ಕಿಗಳ ನಡುವಿನ ಶಿವನಸಮುದ್ರ. 1902ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1974ರಿಂದ ಬೆಂಗಳೂರಿನ ಮನೆಮನೆಯ ನಲ್ಲಿಯಲ್ಲಿಯೂ ಇದೇ ನೀರು. ಒಂದೊಂದು ದ್ವೀಪಕ್ಕೂ ಒಂದೊಂದು ಕಥೆ. ದಾರ ಮಾತ್ರ ಒಂದೇ, ಆ ದಾರದ ಕೊನೆ ಕೊಡಗಿನ ಬೆಟ್ಟದಲ್ಲಿ ಕಟ್ಟಿದೆ.

ಹೊಳೆ ಮರಳಿ ಕೇಳಿದಾಗ

2018ರ ಆಗಸ್ಟ್ ತಿಂಗಳಿನಲ್ಲಿ ಕೊಡಗಿನ ಬೆಟ್ಟಗಳು ಹಿಂದೆಂದೂ ಕಾಣದ ಪ್ರಮಾಣದಲ್ಲಿ ಕುಸಿದವು. ಮನೆ, ತೋಟ, ರಸ್ತೆಗಳು ಕೆಸರಿನಡಿ ಮುಚ್ಚಿಹೋದುವು. ಹಲವರು ಪ್ರಾಣ ಕಳೆದುಕೊಂಡರು. ಮರುವರ್ಷವೂ ನೆರೆ ಬಂದು ಸಿದ್ಧಾಪುರದ ಬಳಿಯ ಕರಡಿಗೋಡು ಮೊದಲಾದ ಹೊಳೆದಡದ ಊರುಗಳಿಗೂ ಕುಶಾಲನಗರದ ತಗ್ಗಿನ ಬಡಾವಣೆಗಳಿಗೂ ನೀರು ನುಗ್ಗಿತು. 2020ರ ಆಗಸ್ಟ್ 6ರ ನಸುಕಿನಲ್ಲಿ ತಲಕಾವೇರಿಯಲ್ಲಿಯೇ ಬೆಟ್ಟ ಜಾರಿ, ಪ್ರಧಾನ ಅರ್ಚಕರೂ ಸೇರಿದಂತೆ ಐವರು ಮಣ್ಣುಪಾಲಾದರು. ನದಿಯನ್ನು ದಿನವೂ ಪೂಜಿಸುತ್ತಿದ್ದ ಮನೆಯೇ ಹೋಯಿತು. ಅದಕ್ಕೆ ವ್ಯತಿರಿಕ್ತವಾಗಿ, 2023ರ ಮಳೆ ಕೈಕೊಟ್ಟದ್ದರಿಂದ 2024ರ ಬೇಸಗೆಯಲ್ಲಿ ಹೊಳೆ ಸೊರಗಿ, ಬಂಡೆಗಳು ಮೂಳೆಗಳಂತೆ ಹೊರಚಾಚಿದವು.

ಸುರಿದ ಮಳೆ ಅತಿಯಾದುದು ನಿಜ. ಆದರೆ ಕಡಿದಾದ ಇಳಿಜಾರನ್ನು ಕಡಿದು ರಸ್ತೆ, ಕಟ್ಟಡಗಳನ್ನು ನಿಲ್ಲಿಸಿದ ಕಡೆ, ನೀರಿನ ಸಹಜವಾದ ದಾರಿಯನ್ನು ಮುಚ್ಚಿದ ಕಡೆ ಹಾನಿ ಹೆಚ್ಚುವುದೆಂಬುದೂ ನಿಜ. ಪ್ರವಾಸಿಗರು ಹೆಚ್ಚಿದಂತೆ ತಂಗುಮನೆಗಳೂ ಹೆಚ್ಚುತ್ತವೆ. ಬೆಟ್ಟದ ಚೆಲುವನ್ನು ನೋಡಬಂದವರಿಗಾಗಿ ಬೆಟ್ಟವನ್ನೇ ಬಗೆದರೆ ಕೆಳಗಿನ ದ್ವೀಪಕ್ಕೆ ಮಳೆಗಾಲದಲ್ಲಿ ಕೆಸರು, ಬೇಸಗೆಯಲ್ಲಿ ಬರಿಯ ಮರಳು ದೊರೆಯುತ್ತದೆ. ಹಳೆಯ ಕೊಡಗು ಇದನ್ನು ಬಲ್ಲುದಾಗಿತ್ತು. ಊರೂರಿಗೆ ದೇವರಕಾಡನ್ನು ಬಿಟ್ಟು, ಅಲ್ಲಿ ಕೊಡಲಿಯಿಡಬಾರದೆಂದು ಕಟ್ಟು ಮಾಡಿದ್ದರು. ಇಂತಹ ಸಾವಿರದ ಇನ್ನೂರಕ್ಕೂ ಮಿಗಿಲಾದ ದೇವರಕಾಡುಗಳು ಜಿಲ್ಲೆಯಲ್ಲಿ ದಾಖಲಾಗಿವೆ. ಕೆಲವು ಒತ್ತುವರಿಯಿಂದ ಕಿರಿದಾಗಿದ್ದರೂ ಉಳಿದವು ಇಂದಿಗೂ ಒರತೆಗಳನ್ನು ಕಾಯುತ್ತಿವೆ.

ಹೋಗಬಯಸುವವರಿಗೆ

ಕೊಡಗಿಗೆ ರೈಲುಮಾರ್ಗವಿಲ್ಲ. ಮೈಸೂರಿನವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಬಸ್ಸು ಹಿಡಿಯಬಹುದು. ಮೈಸೂರಿನಿಂದ ಕುಶಾಲನಗರಕ್ಕೆ ಸುಮಾರು 90, ಅಲ್ಲಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರು. ತುಲಾ ಸಂಕ್ರಮಣ ಕಳೆದ ಮೇಲೆ ಫೆಬ್ರವರಿಯವರೆಗಿನ ಕಾಲ ಅತ್ಯಂತ ಹಿತಕರ. ನೀರು ತಿಳಿಯಾಗಿರುತ್ತದೆ, ಗದ್ದೆಗಳಲ್ಲಿ ತೆನೆ ತೂಗುತ್ತದೆ, ಪುತ್ತರಿಯ ಹಬ್ಬವೂ ಇದೇ ಕಾಲದಲ್ಲಿ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹೊಳೆಯ ಬಳಿಗೆ ಹೋಗುವವರು ಊರಿನವರ ಮಾತನ್ನು ಕೇಳತಕ್ಕದ್ದು. ನೀರು ಏರಿದ ದಿನಗಳಲ್ಲಿ ನಿಸರ್ಗಧಾಮದ ದ್ವಾರವನ್ನೂ ದುಬಾರೆಯ ದೋಣಿಯನ್ನೂ ನಿಲ್ಲಿಸುತ್ತಾರೆ. ಮೇಲೆ ಬೆಟ್ಟದಲ್ಲಿ ಸುರಿದ ಮಳೆ ಕೆಳಗೆ ಬಿಸಿಲಿರುವಾಗಲೂ ಹೊಳೆಯನ್ನು ಒಮ್ಮೆಲೆ ಏರಿಸಬಲ್ಲುದು. ಬೇಸಗೆಯಲ್ಲಿಯೂ ಬಂಡೆಗಳ ನಡುವಿನ ಮಡುಗಳಲ್ಲಿ ಈಜಲು ಇಳಿಯಬಾರದು. ನೋಡಲು ನಿಶ್ಚಲವಾದ ಆ ನೀರಿನ ಆಳ ಹೊಸಬರ ಅಂದಾಜಿಗೆ ಸಿಗುವಂತಹುದಲ್ಲ.

ಮೂರು ದಿನಗಳ ಬಿಡುವಿದ್ದರೆ ಸಾಕು. ಮೊದಲನೆಯ ದಿನ ತಲಕಾವೇರಿ, ಭಾಗಮಂಡಲ. ಎರಡನೆಯ ದಿನ ಬಲಮುರಿ, ಗುಹ್ಯ, ಸಿದ್ಧಾಪುರದ ದಾರಿ. ಮೂರನೆಯ ದಿನ ಬೆಳಗ್ಗೆ ದುಬಾರೆ, ಮಧ್ಯಾಹ್ನದ ಬಳಿಕ ನಿಸರ್ಗಧಾಮ. ಕೊಂಡೊಯ್ದ ಪ್ಲಾಸ್ಟಿಕ್ಕನ್ನು ಮರಳಿ ಕೊಂಡುಬರುವುದು ಅತಿಥಿಯ ಕನಿಷ್ಠ ಧರ್ಮ; ಹೊಳೆಗೆ ಎಸೆದದ್ದು ರಂಗನತಿಟ್ಟಿನ ಹಕ್ಕಿಯ ಗೂಡಿನ ಬುಡಕ್ಕೂ ಹೋಗಿ ಮುಟ್ಟೀತು. ಈ ಕ್ರಮದಲ್ಲಿ ನೋಡಿಬಂದವನು ಬಿದಿರ ನೆರಳಿನಲ್ಲಿ ಕುಳಿತು, ಕಾಲಬುಡದಲ್ಲಿ ಹರಿಯುವ ನೀರು ಎಲ್ಲಿಂದ ಬಂತು, ಯಾವ ಹುಲ್ಲಿನ ಬೇರಿನಲ್ಲಿ ತಂಗಿ ಬಂತು ಎಂಬುದನ್ನು ತಾನೇ ಹೇಳಬಲ್ಲನು.